ಫ್ರೀವೀಲ್‌ಗೆ ವೆಲ್ಡಿಂಗ್ ಹೊಡೆಸಬೇಡ ತಮ್ಮಾ

ತಮ್ಮಾ, ನೀನು ಬರೆದದ್ದನ್ನು ಓದಿ ಸುಮ್ನೆ ಮುಂದೆ ಹೋಗಲು ಆಗಲಿಲ್ಲ. ಅಪ್ಪನ ಹಳೆ ಸೈಕಲ್ಲಿನ ಫ್ರೀವೀಲ್‌ಗೆ (ತುಳಿಯುವುದು ಬಿಟ್ಟರೂ ಚಕ್ರ ತಾನೇ ಓಡಲು ಬಿಡುವ ಹಿಂದಿನ ಹಲ್ಲಿನ ಚಕ್ರ) ವೆಲ್ಡಿಂಗ್ ಹೊಡೆಸಿ ಫಿಕ್ಸಿ (ಚಕ್ರದ ಜೊತೆ ಪೆಡಲ್ಲೂ ತಿರುಗುತ್ತಲೇ ಇರುವ ಸೈಕಲ್) ಮಾಡಿಕೊಳ್ಳುತ್ತೇನೆ, ಎರಡೂ ಬ್ರೇಕ್ ಬಿಚ್ಚಿಸುತ್ತೇನೆ, 48–16 (ಮುಂದೆ 48 ಹಲ್ಲು, ಹಿಂದೆ 16) ಹಾಕಿಕೊಂಡು ನವನಗರದಿಂದ ಹಳೆ ಬಾಗಲಕೋಟೆಗೆ ದಿನಾ ಕೆಲಸಕ್ಕೆ ಹೋಗಿ ಬರುತ್ತೇನೆ ಅಂತ ಬರೆದಿದ್ದೀಯ. ಕೆಳಗೆ ಎಲ್ಲರೂ ‘ಸೂಪರ್’ ಅಂದಿದ್ದಾರೆ, ಬೇಡ ಅಂತ ಒಬ್ಬರೂ ಹೇಳಿಲ್ಲ. ನಾನು ಹೇಳುತ್ತೇನೆ, ಬೇಡ. 2014ರಲ್ಲಿ ನಾನು ಮಾಡಿದ್ದೂ ಇದನ್ನೇ. ಇದೇ ವೆಲ್ಡಿಂಗ್, ಇದೇ ದಾರಿ.

ಮೊದಲ ವಾರ ಸ್ವರ್ಗದ ಹಾಗಿತ್ತು. ಕಾಲಿಗೂ ಚಕ್ರಕ್ಕೂ ನಡುವೆ ಏನೂ ಇಲ್ಲ ಅನ್ನುವ ಆ ಅನುಭವ ನಿನಗೆ ಬೇಕು ಅನಿಸಿದ್ದರಲ್ಲಿ ತಪ್ಪಿಲ್ಲ. ನನಗೆ ಇವತ್ತಿಗೂ ಅದೇ ಬೇಕು. ಎರಡನೇ ವಾರ, ಜನವರಿ, ಕಬ್ಬಿನ ಸೀಸನ್. ನವನಗರದಿಂದ ವಿದ್ಯಾಗಿರಿ ಕಡೆ ಇಳಿಯುತ್ತಿದ್ದೆ. ಅಡ್ಡ ರಸ್ತೆಯಿಂದ ಎರಡು ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರ್ ಮೂತಿ ಹೊರಗೆ ಹಾಕಿತು. ಪೆಡಲ್ ಹಿಂದಕ್ಕೆ ಒತ್ತಿದೆ. ಒಂದು ಕ್ಷಣ ಹಿಡಿಯಿತು. ಆಮೇಲೆ ಕಾಲ ಕೆಳಗೆ ‘ಕಟ್’ ಅಂತು, ಪೆಡಲ್ ಖಾಲಿ ತಿರುಗಿತು. ಬಾವಿಯಲ್ಲಿ ಹಗ್ಗ ಹರಿದು ಕೊಡ ಬಿದ್ದಾಗ ಕೈಗೆ ಭಾರವೇ ಸಿಗುವುದಿಲ್ಲ ನೋಡು, ಹಾಗೆ. ಬ್ರೇಕ್ ಇಲ್ಲ. ಟ್ರಾಲಿಗೆ ಹೋಗಿ ಬಡಿಯುವ ಬದಲು ಹ್ಯಾಂಡಲ್ ಎಡಕ್ಕೆ ಎಳೆದೆ, ರಸ್ತೆ ಬಿಟ್ಟು ಜಲ್ಲಿ ರಾಶಿ ಮೇಲೆ ಬಿದ್ದೆ. ಕಾಲರ್ ಬೋನ್ ಮುರಿಯಿತು. ಆರು ವಾರ ಕೈ ಕೊರಳಿಗೆ ಕಟ್ಟಿಕೊಂಡು ಕೂತಿದ್ದೆ. ಟ್ರ್ಯಾಕ್ಟರಿನವರದ್ದು ತಪ್ಪಿರಲಿಲ್ಲ. ಅಷ್ಟು ಭಾರ ಹೊತ್ತು ಬಂದವರು ಎಲ್ಲಿ ನಿಲ್ಲಿಸುತ್ತಾರೆ?

ಸೈಕಲ್ ಅಂಗಡಿಯ ಕಾಕಾ ಆಮೇಲೆ ಹಿಂದಿನ ಚಕ್ರ ಕೈಯಲ್ಲಿ ಹಿಡಿದು ತೋರಿಸಿದರು. ವೆಲ್ಡಿಂಗ್ ಗಟ್ಟಿಯಾಗೇ ಇತ್ತು, ನೀಲಿ ಬಣ್ಣ ತಿರುಗಿದ ಗಂಟು ಹಾಗೇ ಇತ್ತು. ಆದರೆ ಇಡೀ ಫ್ರೀವೀಲ್ ಚಕ್ರದ ನಡುವಿನ ಹಬ್ಬಿನ ಥ್ರೆಡ್‌ನಿಂದ ಅರ್ಧ ಬಿಚ್ಚಿಕೊಂಡು ಹೊರಗೆ ಬಂದಿತ್ತು. ಬಿಚ್ಚಿದ ಅಷ್ಟು ಥ್ರೆಡ್ ಗ್ರೀಸ್ ಹತ್ತಿ ಪಳಪಳ ಹೊಳೆಯುತ್ತಿತ್ತು. “ಮುಂದ ತುಳದ್ರ ಬಿಗಿ ಆಗತದ, ಹಿಂದ ಒತ್ತಿದ್ರ ಬಿಚ್ಚತದ, ಇಷ್ಟೂ ತಿಳೀಲಿಲ್ಲೇನು?” ಅಂದರು. ವಿಷಯ ಪೂರ್ತಿ ಅಷ್ಟೇ. ಫ್ರೀವೀಲ್ ಕೂರುವ ಥ್ರೆಡ್ ಮಾಮೂಲಿ ಬಲ ಥ್ರೆಡ್, ಬಲಕ್ಕೆ ತಿರುಗಿಸಿದರೆ ಬಿಗಿಯಾಗುವುದು. ಫಿಕ್ಸಿಯಲ್ಲಿ ನಿಲ್ಲಿಸುವ ಕೆಲಸ ನಡೆಯುವುದೇ ಹಿಂದಕ್ಕೆ ಒತ್ತುವುದರಿಂದ. ಅಂದರೆ ನಿನಗೆ ತುಂಬಾ ಬೇಕಾದ ಹೊತ್ತಿಗೇ ಅದು ಬಿಚ್ಚುತ್ತದೆ. ವೆಲ್ಡಿಂಗ್ ಎಷ್ಟೇ ಚೆನ್ನಾಗಿದ್ದರೂ ಇದು ತಪ್ಪುವುದಿಲ್ಲ.

ಫಿಕ್ಸಿಗೆಂದೇ ಮಾಡಿದ ಸರಿಯಾದ ಟ್ರ್ಯಾಕ್ ಹಬ್ಬಿನಲ್ಲಿ ಎರಡು ಮೆಟ್ಟಿಲು ಥ್ರೆಡ್ ಇರುತ್ತದೆ. ಒಳಗಿನ ದೊಡ್ಡದು ಬಲ ಥ್ರೆಡ್, ಅದರ ಮೇಲೆ ಕಾಗ್, ಅಂದರೆ ಹಿಂದಿನ ಹಲ್ಲಿನ ಚಕ್ರ. ಹೊರಗಿನ ಸಣ್ಣದು ಎಡ ಥ್ರೆಡ್, ಅದರ ಮೇಲೆ ಲಾಕ್‌ರಿಂಗ್, ಅಂದರೆ ಕಾಗನ್ನು ಒತ್ತಿ ಹಿಡಿಯುವ ಬಳೆ. ಕಾಗ್ ಬಿಚ್ಚಲು ಹೊರಟರೆ ಲಾಕ್‌ರಿಂಗ್ ಇನ್ನೂ ಬಿಗಿಯಾಗುತ್ತದೆ. ಹಳೆ ಹಬ್ಬಿಗೇ ಕಾಗ್ ಹಾಕಿ, ಬಾಟಮ್ ಬ್ರಾಕೆಟ್ಟಿನ (ಪೆಡಲ್ ತಿರುಗುವ ಅಚ್ಚಿನ) ರಿಂಗ್ ಹಾಕಿ, ಅಂಟು ಹಚ್ಚಿ ಬಿಗಿ ಮಾಡಿಕೊಡುತ್ತೇವೆ ಅನ್ನುವವರೂ ಸಿಗುತ್ತಾರೆ. ಅದಕ್ಕೂ ಒಪ್ಪಬೇಡ. ಆ ರಿಂಗ್ ಕೂಡ ಬಲ ಥ್ರೆಡ್ಡೇ, ಕಾಗ್ ಜೊತೆ ಅದೂ ತಿರುಗಿ ಬರುತ್ತದೆ.

ಅಪ್ಪನ ಸೈಕಲ್ಲಿಗೇ ಟ್ರ್ಯಾಕ್ ಹಬ್ ತಂದು ಕೂರಿಸೋಣ ಅಂದರೆ ಇನ್ನೊಂದು ತೊಡಕು. ಆ ಹಳೆ ಕರಿ ಸೈಕಲ್ಲುಗಳ ಹಿಂದಿನ ರಿಮ್ಮಿಗೆ ಸಾಮಾನ್ಯವಾಗಿ 40 ಕಡ್ಡಿ. ಟ್ರ್ಯಾಕ್ ಹಬ್ ಸಿಗುವುದು ಹೆಚ್ಚಾಗಿ 32 ಅಥವಾ 36 ತೂತಿನದು. ಅಂದರೆ ರಿಮ್ ಹೊಸದು, ಕಡ್ಡಿ ಹೊಸವು, ಚಕ್ರ ಕಟ್ಟುವ ಕೂಲಿ ಬೇರೆ. ರಾಡ್ ಬ್ರೇಕ್ ಹಿಡಿಯುವುದು ಆ ಹಳೆ ರಿಮ್ಮಿನ ಒಳಬದಿಯನ್ನು, ಹೊಸ ರಿಮ್ಮಿಗೆ ಅದು ಕೂರುವುದಿಲ್ಲ. ಅಷ್ಟು ದುಡ್ಡು ಸುರಿದು ಅಪ್ಪನ ಸೈಕಲ್ ಕೆಡಿಸಬೇಡ. ಅದಕ್ಕೆ ಎಣ್ಣೆ ಹಾಕಿ ಸಂತೆಗೆ ಇಟ್ಟುಕೋ, ಹಿಂದೆ ಕ್ಯಾರಿಯರ್ ಇದೆ, ಅರ್ಧ ಚೀಲ ಜೋಳ ತರಬಹುದು.

ನೀನು ಹುಡುಕಬೇಕಾದ್ದು ಫ್ಲಿಪ್-ಫ್ಲಾಪ್ ಹಬ್ ಇರುವ, 700ಸಿ ಅಳತೆಯ ಚಕ್ರದ ಸಿಂಗಲ್ ಸ್ಪೀಡ್ (ಒಂದೇ ಗೇರಿನ) ಸೈಕಲ್, ಹಳೆಯದಾದರೂ ಪರವಾಗಿಲ್ಲ. ಒಂದು ಬದಿ ಫಿಕ್ಸ್, ಇನ್ನೊಂದು ಬದಿ ಫ್ರೀವೀಲ್. ಜಾಹೀರಾತಿನಲ್ಲಿ ‘ಫಿಕ್ಸಿ’ ಅಂತ ಬರೆದಿದ್ದರೂ ನಂಬಬೇಡ, ಸುಮಾರು ಸೈಕಲ್ಲಿನಲ್ಲಿ ಫ್ರೀವೀಲ್ ಮಾತ್ರ ಇರುತ್ತದೆ. ಚಕ್ರ ಬಿಚ್ಚಿಸಿ ಆ ಎರಡು ಮೆಟ್ಟಿಲು ಕಣ್ಣಾರೆ ನೋಡು. ಹಿಂದಿನ ಆಕ್ಸಲ್ ಕೂರುವ ಸಂದು ಹಿಂದಕ್ಕೆ ತೆರೆದಿರಬೇಕು. ನೇರ ಕೆಳಗೆ ತೆರೆದ ಸಂದಾದರೆ ಚೈನ್ ಬಿಗಿ ಮಾಡಲು ಜಾಗವೇ ಇರುವುದಿಲ್ಲ. ಫೋರ್ಕಿನಲ್ಲಿ ಬ್ರೇಕಿಗೆ ತೂತು ಇರಬೇಕು, 28 ಇಲ್ಲವೇ 32 ಮಿ.ಮೀ. ಅಗಲದ ಟೈರ್ ಹಿಡಿಸಬೇಕು. ಕ್ರ್ಯಾಂಕ್ (ಪೆಡಲ್ ಕೂರುವ ತೋಳು) 165 ಮಿ.ಮೀ. ಸಿಕ್ಕರೆ ಒಳ್ಳೆಯದು. ತಿರುವಿನಲ್ಲೂ ಪೆಡಲ್ ನಿಲ್ಲುವುದಿಲ್ಲವಲ್ಲ, ಉದ್ದದ ಕ್ರ್ಯಾಂಕ್ ಆದರೆ ನೆಲಕ್ಕೆ ತಾಗಿ ಎತ್ತಿ ಒಗೆಯುತ್ತದೆ. ಬಣ್ಣ, ದಪ್ಪ ರಿಮ್ ನೋಡಿ ಮರುಳಾಗಬೇಡ.

ಬ್ರೇಕ್ ಬಗ್ಗೆ ನಾನು ಹಟಮಾರಿ. ಮುಂದಿನ ಬ್ರೇಕ್ ಇರಲೇಬೇಕು. ರೇಸಿನ ಟ್ರ್ಯಾಕ್ ಸೈಕಲ್ಲಿಗೆ ಬ್ರೇಕ್ ಇರುವುದಿಲ್ಲ ಅಂತ ವಾದ ಮಾಡುತ್ತೀಯ, ಗೊತ್ತು. ನಮ್ಮ ವಿಜಯಪುರ, ಬಾಗಲಕೋಟೆ ಕಡೆಯ ಮಕ್ಕಳು ಟ್ರ್ಯಾಕಿನಲ್ಲಿ ರಾಷ್ಟ್ರ ಮಟ್ಟದ ಪದಕ ತಂದಿದ್ದಾರೆ, ನನಗೂ ಹೆಮ್ಮೆ. ಆದರೆ ಟ್ರ್ಯಾಕಿನಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಹೋಗುತ್ತಾರೆ, ಅಲ್ಲಿ ಯಾರೂ ಗಕ್ಕನೆ ನಿಲ್ಲಿಸುವುದಿಲ್ಲ, ಎಮ್ಮೆ ಅಡ್ಡ ಬರುವುದಿಲ್ಲ. ಬಸ್ ಸ್ಟ್ಯಾಂಡ್ ಮುಂದೆ ಹಾಗಿದೆಯಾ? ನಿಲ್ಲಿಸುವಾಗ ಭಾರವೆಲ್ಲ ಮುಂದಿನ ಚಕ್ರಕ್ಕೆ ಬರುತ್ತದೆ, ಹಿಂದಿನದು ಹಗುರಾಗಿ ಜಾರುತ್ತದೆ. ಹಿಂದಿನ ಚಕ್ರ ಒಂದನ್ನೇ ನಂಬಿದರೆ ನಿಲ್ಲಲು ದೂರ ಜಾಸ್ತಿ ಬೇಕು. ಟೆಕ್ಟ್ರೋ ಕಂಪನಿಯ ಸಾದಾ ಕ್ಯಾಲಿಪರ್ ಬ್ರೇಕ್ ಸಾಕು. ಇನ್ನೊಂದು ಮಾತು, ಫ್ರೀವೀಲ್ ಬದಿಗೆ ಚಕ್ರ ತಿರುಗಿಸಿ ಹಾಕಿದ ದಿನ ಹಿಂದಿನ ಬ್ರೇಕೂ ಬೇಕು. ಆವತ್ತು ನಿನ್ನ ಕಾಲು ಬ್ರೇಕ್ ಆಗುವುದಿಲ್ಲ.

ಈಗ ನಿನ್ನ 48–16. ಪೆಡಲ್ ಒಂದು ಸುತ್ತಿಗೆ ಸೈಕಲ್ ಸುಮಾರು 6.3 ಮೀಟರ್ ಮುಂದೆ ಹೋಗುತ್ತದೆ. ಆಲಮಟ್ಟಿ ಹಿನ್ನೀರಿಗೆ ಊರು ಮುಳುಗುತ್ತದೆ ಅಂತ ನವನಗರ ಕಟ್ಟಿದ್ದೇ ಎತ್ತರದಲ್ಲಿ. ಬೆಳಗ್ಗೆ ಇಳಿಯುವುದು ಸುಲಭ, ಸಂಜೆ ದಣಿದು ಏರುವಾಗ ಮೊಣಕಾಲು ಮಾತಾಡುತ್ತದೆ. ಆಷಾಢದ ಗಾಳಿ ಎದುರು ಬಿದ್ದರೆ ಕೇಳಲೇಬೇಡ. 44–17 ಹಾಕು. ಸುತ್ತಿಗೆ ಸುಮಾರು 5.4 ಮೀಟರ್, ನಿಮಿಷಕ್ಕೆ 70 ಸುತ್ತು ತುಳಿದರೆ ಗಂಟೆಗೆ 22–23 ಕಿ.ಮೀ. ಆಫೀಸಿಗೆ ಹೋಗಲು ಇದಕ್ಕಿಂತ ಏನು ಬೇಕು? ಇಳಿಜಾರಿನಲ್ಲಿ 40 ಮುಟ್ಟಿದರೆ ಕಾಲು ನಿಮಿಷಕ್ಕೆ 120ಕ್ಕೂ ಜಾಸ್ತಿ ಸುತ್ತಬೇಕಾಗುತ್ತದೆ, ಅದಕ್ಕೇ ಮತ್ತೆ ಹೇಳುತ್ತೇನೆ, ಮುಂದಿನ ಬ್ರೇಕ್. ಸ್ಕಿಡ್ (ಪೆಡಲ್ ತಡೆದು ಹಿಂದಿನ ಚಕ್ರ ಜಾರಿಸುವುದು) ಕಲಿಯುವ ಆಸೆ ಇದ್ದರೆ ಇದನ್ನೂ ಕೇಳು. 48ಕ್ಕೆ 16 ಸರಿಯಾಗಿ ಮೂರು ಪಟ್ಟು. ಪ್ರತಿ ಸಲ ಅದೇ ಕಾಲು ಮುಂದಿಟ್ಟು ಜಾರಿಸಿದರೆ ಟೈರಿನ ಅದೇ ಒಂದು ಜಾಗ ಸವೆಯುತ್ತದೆ, ಬೇಗ ಕ್ಯಾನ್ವಾಸ್ ಕಾಣುತ್ತದೆ. 44–17ರಲ್ಲಿ ಆ ಸವೆತ 17 ಜಾಗಕ್ಕೆ ಹಂಚಿಹೋಗುತ್ತದೆ.

ಚೈನಿನ ಬಿಗಿ ಬಗ್ಗೆ ಸ್ವಲ್ಪ ನಿಧಾನವಾಗಿ ಓದು, ಇಲ್ಲೇ ಹೊಸಬರು ಕೆಡುವುದು. ಮುಂದಿನ ಹಲ್ಲಿನ ಚಕ್ರ ಯಾವುದೂ ಪೂರ್ತಿ ಗುಂಡಗಿರುವುದಿಲ್ಲ. ಹಿಂದಿನ ಚಕ್ರ ಎತ್ತಿ ಪೆಡಲ್ ನಿಧಾನ ತಿರುಗಿಸು, ಒಂದು ಕಡೆ ಚೈನ್ ಬಿಗಿಯಾಗುತ್ತದೆ, ಇನ್ನೊಂದು ಕಡೆ ಸಡಿಲಾಗುತ್ತದೆ. ಬಿಗಿಯಾದ ಕಡೆ ನಿಲ್ಲಿಸಿ, ನಡುಮಧ್ಯೆ ಬೆರಳಿನಿಂದ ಚೈನನ್ನು ಮೇಲೆ ಕೆಳಗೆ ಆಡಿಸು. ಒಟ್ಟು ಒಂದು ಸೆಂಟಿಮೀಟರಿನಷ್ಟು ಆಡಬೇಕು. ಆಡದಿದ್ದರೆ ಬೇರಿಂಗ್ ಹಾಳು. ಜಾಸ್ತಿ ಜೋತುಬಿದ್ದರೆ ಓಡುವಾಗ ಚೈನ್ ಕಳಚಿ ಹಿಂದಿನ ಚಕ್ರ ಲಾಕ್ ಆಗಬಹುದು. ನಟ್ ಬಿಗಿ ಮಾಡುವಾಗ ಚಕ್ರ ಒಂದು ಕಡೆ ಎಳೆಯುತ್ತದೆ, ಆದ್ದರಿಂದ ಎರಡೂ ಬದಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡು. 15ರ ಪಾನಾ ಯಾವಾಗಲೂ ಚೀಲದಲ್ಲಿರಲಿ.

ಯಾಕೆಂದರೆ ನಮ್ಮ ಕಡೆ ಜಾಲಿ ಮುಳ್ಳು. ರಸ್ತೆ ಬದಿ ಒಂದು ಗಜ ಸರಿದರೆ ಪಂಕ್ಚರ್. ಟೈರ್ ಒಳಗೆ ಲೈನರ್ ಪಟ್ಟಿ ಹಾಕಿಸು. ಪಂಕ್ಚರ್ ಅಂಗಡಿಯವರು ಚಕ್ರ ವಾಪಸ್ ಹಾಕುವಾಗ ರೂಢಿಯಂತೆ ಚೈನ್ ಗಿಟಾರ್ ತಂತಿ ಹಾಗೆ ಎಳೆದುಬಿಡುತ್ತಾರೆ. ಹಣ ಕೊಡುವ ಮೊದಲೇ ನೋಡಿಕೋ.

ಎಲ್ಲಕ್ಕಿಂತ ಮುಖ್ಯ, ಚಕ್ರ ತಿರುಗಿಸುತ್ತಾ ಬಟ್ಟೆಯಿಂದ ಚೈನ್ ಒರೆಸಬೇಡ. ಮಾಮೂಲಿ ಸೈಕಲ್ಲಿನಲ್ಲಿ ಪೆಡಲ್ ಬಿಟ್ಟರೆ ಚೈನ್ ನಿಲ್ಲುತ್ತದೆ. ಇಲ್ಲಿ ಚಕ್ರ ತಿರುಗುವ ತನಕ ನಿಲ್ಲುವುದಿಲ್ಲ, ಬಟ್ಟೆಯ ಜೊತೆ ಬೆರಳನ್ನೂ ಹಲ್ಲಿನೊಳಗೆ ಎಳೆದುಕೊಳ್ಳುತ್ತದೆ. ಚಕ್ರ ನಿಲ್ಲಿಸಿ, ನಾಲ್ಕು ಕೊಂಡಿ ಒರೆಸಿ, ಮತ್ತೆ ಸ್ವಲ್ಪ ತಿರುಗಿಸಿ, ಹಾಗೆ ಮಾಡು. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಸ್ಟ್ಯಾಂಡ್ ಹಾಕಿದ ಫಿಕ್ಸಿ ಹತ್ತಿರ ಬಿಡಲೇಬೇಡ.

ಚೈನ್ ಕೆಎಂಸಿ ಕಂಪನಿಯದು ತಗೋ, 1/8 ಇಂಚು ಅಗಲದ್ದು, ನನಗೆ ಅದರಿಂದ ಒಮ್ಮೆಯೂ ತೊಂದರೆ ಆಗಿಲ್ಲ. ಕಾಗ್‌ಗೆ ದುಡ್ಡು ಉಳಿಸಬೇಡ. ಅಗ್ಗದ ಕಾಗಿನ ಥ್ರೆಡ್ ತೆಳ್ಳಗಿರುತ್ತದೆ, ಹಬ್ಬನ್ನೇ ಕಿತ್ತುಕೊಂಡು ಬರುತ್ತದೆ. ಕಾಗ್ ಹಾಕುವಾಗ ಗ್ರೀಸ್ ಹಚ್ಚಿ ಚೈನ್ ವಿಪ್ ಅನ್ನುವ ಪಾನಾದಿಂದ ಪೂರ್ತಿ ಬಿಗಿ ಮಾಡಿ, ಒಂದು ಏರು ತುಳಿದು ಬಂದು, ಆಮೇಲೆ ಲಾಕ್‌ರಿಂಗ್ ಬಿಗಿ ಮಾಡು. ಒಂದು ವಾರ ಓಡಿಸಿ ಮತ್ತೆ ಪಾನಾ ಹಾಕಿ ನೋಡು. ಪೆಡಲ್ಲಿಗೆ ಟೋ ಕ್ಲಿಪ್, ಪಟ್ಟಿ ಬೇಕು. ಎಂಕೆಎಸ್ ಕಂಪನಿಯವು ಚೆನ್ನಾಗಿವೆ. ಕಾಲು ಕಳಚಿದರೆ ತಿರುಗುವ ಪೆಡಲ್ ಮೀನಖಂಡಕ್ಕೆ ಬಡಿಯುತ್ತದೆ, ನಿಲ್ಲಿಸುವುದೂ ಆಗುವುದಿಲ್ಲ. ಆದರೆ ಮೊದಲ ದಿನವೇ ಪಟ್ಟಿ ಬಿಗಿದು ಮಾರ್ಕೆಟ್ಟಿಗೆ ಹೋಗಬೇಡ. ನವನಗರದ ಸೆಕ್ಟರ್ ರಸ್ತೆಗಳು ಬೆಳಗ್ಗೆ ಆರಕ್ಕೆ ಖಾಲಿ ಇರುತ್ತವೆ, ಅಗಲವೂ ಇವೆ. ಒಂದು ವಾರ ಅಲ್ಲೇ ಸುತ್ತು. ಬಲಗಡೆ ಪ್ಯಾಂಟಿನ ತುದಿ ಸಾಕ್ಸಿನೊಳಗೆ ಸೇರಿಸಿಕೋ.

ಮೊಣಕಾಲು ಮೊದಲೇ ನೋಯುತ್ತಿದ್ದರೆ ಫಿಕ್ಸ್ ಬದಿಗೆ ಹೋಗಲೇಬೇಡ, ಫ್ರೀವೀಲ್ ಬದಿಯಲ್ಲೇ ಓಡಿಸು. ಮಳೆಗಾಲದಲ್ಲಿ ಎರೆ ಮಣ್ಣು ಚೈನಿಗೆ ಮೆತ್ತಿದ ದಿನವೂ ಅಷ್ಟೇ, ಮನೆಗೆ ಬಂದ ಕೂಡಲೇ ತೊಳೆ, ಒಣಗಿಸಿ ಎಣ್ಣೆ ಹಾಕು.

ಸೈಕಲ್ ಸಿಕ್ಕಿದರೆ ದುಡ್ಡು ಕೊಡುವ ಮೊದಲು ಹಿಂದಿನ ಚಕ್ರ ಬಿಚ್ಚಿಸಿ, ಹಬ್ಬಿನ ಎರಡೂ ಬದಿಯ ಫೋಟೋ ಇಲ್ಲಿ ಹಾಕು. ಥ್ರೆಡ್ ಕಾಣುವ ಹಾಗೆ, ಹತ್ತಿರದಿಂದ. ಭಾನುವಾರ ಆದರೆ ನಾನೇ ನವನಗರಕ್ಕೆ ಬಂದು ನೋಡುತ್ತೇನೆ, ಲಾಕ್‌ರಿಂಗಿನ ಪಾನಾ ನನ್ನ ಹತ್ತಿರ ಇದೆ.