ಪಕ್ಕದ ಮನೆಯಲ್ಲಿ ನಿಂತು ಕಂಡ ಹಾಲ್

ಪ್ರಶ್ನೆ: ಬೆಂಗಳೂರಿನಲ್ಲಿ ನಮ್ಮದು 30x40 ಅಡಿಯ ಸೈಟು, ರಸ್ತೆ ಪಶ್ಚಿಮಕ್ಕಿದೆ. ಎಐ ಆ್ಯಪ್‌ನಲ್ಲಿ ಮನೆಯ ತ್ರೀಡಿ ಚಿತ್ರಗಳನ್ನು ಮಾಡಿಕೊಂಡಿದ್ದೇವೆ. ಕಟ್ಟಲು ಇಷ್ಟು ಸಾಕು ಎಂದು ಮೇಸ್ತ್ರಿ ಹೇಳುತ್ತಾರೆ. ಆರ್ಕಿಟೆಕ್ಟ್ ಬೇಕೇ?

ಉತ್ತರ: ಚಿತ್ರಗಳನ್ನೂ ಕಳಿಸಿದ್ದು ಒಳ್ಳೆಯದಾಯಿತು. ಹಾಲ್ 11 ಅಡಿ ಅಗಲ ಎಂದು ಬರೆದಿದ್ದೀರಿ. ಚಿತ್ರದಲ್ಲಿ ಕಾಣುವಷ್ಟು ಹಾಲ್ ಕಣ್ಣಿಗೆ ಬೀಳಬೇಕಾದರೆ ಗೋಡೆ ತೂರಿಕೊಂಡು ಹಿಂದೆ ಸರಿಯಬೇಕು. ಆಗ ನೀವು ನಿಂತಿರುವುದು ಪಕ್ಕದ ಮನೆಯವರ ಅಡುಗೆಮನೆಯಲ್ಲಿ. ಆ ಪಕ್ಕದ ಮನೆಯೇ ಚಿತ್ರದಲ್ಲಿಲ್ಲ, ಅದಿದ್ದ ಜಾಗದಲ್ಲಿ ಹುಲ್ಲುಹಾಸಿದೆ. ಮಹಡಿಯ ಬಾಲ್ಕನಿ ಯಾವ ಪಿಲ್ಲರ್‌ನ ಹಂಗೂ ಇಲ್ಲದೆ ಹೊರಗೆ ಚಾಚಿಕೊಂಡಿದೆ. ನೀರಿನ ಟ್ಯಾಂಕ್ ಇಲ್ಲ, ಮಳೆನೀರಿನ ಪೈಪ್ ಇಲ್ಲ, ಕರೆಂಟ್ ಮೀಟರ್ ಇಲ್ಲ. ಸೂರ್ಯನನ್ನಂತೂ ಚೆಂದ ಕಾಣುವ ಕಡೆಗೆ ಅಂಟಿಸಲಾಗಿದೆ. ಪಶ್ಚಿಮಕ್ಕೆ ಅಷ್ಟು ದೊಡ್ಡ ಗಾಜು ಹಾಕಿ, ಸಜ್ಜವನ್ನೂ ಕೊಡದಿದ್ದರೆ ಏಪ್ರಿಲ್ ತಿಂಗಳ ಸಂಜೆ 4 ಗಂಟೆಗೆ ಆ ಸೋಫಾದ ಮೇಲೆ ಹಪ್ಪಳ ಒಣಗಿಸಬಹುದು.

ನಾನು ಕಂಪ್ಯೂಟರ್ ದ್ವೇಷಿಯಲ್ಲ. ಸ್ಥಳ, ದಿನಾಂಕ, ಗಂಟೆ ಕೊಟ್ಟರೆ ನೆರಳು ಎಲ್ಲಿ ಬೀಳುತ್ತದೆಂದು ಅದು ಕರಾರುವಾಕ್ಕಾಗಿ ತೋರಿಸುತ್ತದೆ. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಡುಹಗಲ ಸೂರ್ಯ ನೆತ್ತಿಗಿಂತ ಉತ್ತರಕ್ಕಿರುತ್ತಾನೆ. ಚಿತ್ರಕ್ಕೆ ಮರುಳಾದವರು ಇದನ್ನು ಕೇಳುವುದೇ ಇಲ್ಲ. ಕಂಪ್ಯೂಟರ್ ಏನೆಲ್ಲ ಮಾಡಬಲ್ಲದು ಎನ್ನಲು ಸ್ಪೇನಿನ ಬಿಲ್ಬಾವೊದಲ್ಲಿ 1997ರಲ್ಲಿ ತೆರೆದ, ಮೈಯೆಲ್ಲ ಡೊಂಕಾದ ಗುಗೆನ್‌ಹೈಮ್ ಮ್ಯೂಸಿಯಂ ಅನ್ನು ಎಲ್ಲರೂ ಉದಾಹರಿಸುತ್ತಾರೆ. ಆದರೆ ಅದರ ಆರ್ಕಿಟೆಕ್ಟ್ ಫ್ರಾಂಕ್ ಗೆರಿ ಆಕಾರ ಹುಡುಕಿದ್ದು ಕೈಯಿಂದ ಮಾಡಿದ ಮಾದರಿಗಳಲ್ಲಿ. ವಿಮಾನ ತಯಾರಿಕೆಗೆಂದು ಹುಟ್ಟಿದ ಕ್ಯಾಟಿಯಾ ತಂತ್ರಾಂಶ ಆ ಡೊಂಕುಗಳನ್ನೆಲ್ಲ ಕಟ್ಟುವವರ ಕೈಗೆ ಅಳತೆಗಳಾಗಿ ಒಪ್ಪಿಸಿತು. ನಿಮ್ಮ ಬಳಿ ಇಲ್ಲದಿರುವುದು ಆ ಅಳತೆಗಳೇ.

ಅಳತೆಯ ವಿಷಯದಲ್ಲಿ ನಾನೂ ಪೆಟ್ಟು ತಿಂದಿದ್ದೇನೆ. ಟ್ರೇಸಿಂಗ್ ಹಾಳೆಯಲ್ಲಿ ತಪ್ಪಿದ ಗೆರೆಯನ್ನು ಬ್ಲೇಡಿನಿಂದ ಕೆರೆಯುತ್ತಿದ್ದ ಕಾಲದಲ್ಲಿ, ಕೆರೆಯುವಷ್ಟು ಹೊತ್ತು ತಲೆಯೂ ಓಡುತ್ತಿತ್ತು. ಕಂಪ್ಯೂಟರ್ ಬಂದ ಹೊಸತರಲ್ಲಿ ಹಳೆಯ ಮನೆಯೊಂದರ ಮೆಟ್ಟಿಲನ್ನು ಹೊಸ ನಕ್ಷೆಗೆ ನಕಲು ಮಾಡಿ ಅಂಟಿಸಿದೆ. ಹೊಸ ಮನೆಯ ಮಹಡಿ 6 ಅಂಗುಲ ಹೆಚ್ಚು ಎತ್ತರವಿತ್ತು. ಎಲ್ಲ ಮೆಟ್ಟಿಲೂ 6 ಅಂಗುಲ, ಕೊನೆಯದು ಮಾತ್ರ 12. ಸೆಂಟ್ರಿಂಗ್ ಬಿಚ್ಚಿದ ಮೇಲೆ ಗೊತ್ತಾಯಿತು. ಒಡೆಸಿದ ಖರ್ಚು ನನ್ನದೇ.

ಆದ್ದರಿಂದ ಹೌದು, ಆರ್ಕಿಟೆಕ್ಟ್ ಬೇಕು. ಅವರನ್ನೂ ಕುರುಡಾಗಿ ನಂಬಬೇಡಿ. ಮೊದಲು ಸೆಕ್ಷನ್ ನಕ್ಷೆ, ಅಂದರೆ ಮನೆಯನ್ನು ಮೇಲಿಂದ ಕೆಳಕ್ಕೆ ಕೊಯ್ದಂತೆ ಒಳಗಿನ ಎತ್ತರಗಳನ್ನು ತೋರಿಸುವ ನಕ್ಷೆ ಕೇಳಿ. ತ್ರೀಡಿ ಬೇಕೇ ಬೇಕೆಂದರೆ ಬಾಗಿಲಲ್ಲಿ ನಿಂತವರ ಕಣ್ಣಿನ ಎತ್ತರದಿಂದ, ಅಕ್ಕಪಕ್ಕದ ಮನೆಗಳನ್ನೂ ಸೇರಿಸಿ ಮಾಡಿಸಿ. ಚಿತ್ರ ನೋಡಿಯೇ ಕಂಬಿಯ ಲೆಕ್ಕ ಹೇಳುವ ಮೇಸ್ತ್ರಿಗೆ ಕೈಮುಗಿದು ಕಳಿಸಿ. ಅದು ಸ್ಟ್ರಕ್ಚರಲ್ ಎಂಜಿನಿಯರ್ ಕೆಲಸ.

ಪ್ರಶ್ನೆ: ಆರ್ಕಿಟೆಕ್ಚರ್ ಸೇರಲಿರುವ ಮಗಳು ಮೊದಲು ಯಾವ ಸಾಫ್ಟ್‌ವೇರ್ ಕಲಿಯಬೇಕು?

ಉತ್ತರ: ಒಂದು ಟೇಪು ಕೊಡಿಸಿ, ನಿಮ್ಮ ಮನೆಯನ್ನೇ ಅಳೆದು ಬರೆಯಲಿ.

ಪ್ರಶ್ನೆ: ಮೊಬೈಲ್ ವಾಸ್ತು ಆ್ಯಪ್ ಪ್ರಕಾರ ನಮ್ಮ ದೇವರಮನೆ ಈಶಾನ್ಯದಲ್ಲಿಲ್ಲ. ಒಡೆಸಬೇಕೇ?

ಉತ್ತರ: ಕಬ್ಬಿಣದ ಕಂಬಿಯಿರುವ ಪಿಲ್ಲರ್ ಪಕ್ಕ ಮೊಬೈಲ್ ದಿಕ್ಸೂಚಿ ದಾರಿ ತಪ್ಪುತ್ತದೆ. ಸುತ್ತಿಗೆ ಎತ್ತುವ ಮೊದಲು ನಾಲ್ಕು ಹೆಜ್ಜೆ ಆಚೆ ಹೋಗಿ ನೋಡಿ.