ಗ್ಯಾರೇಜ್ ಕಟ್ಟೆ: ಹಳೇ ಅಲಾಯ್ ವೀಲ್ ತಗೊಳ್ಳಬಹುದಾ?

ಪ್ರಶ್ನೆ: ನನ್ನ ಹತ್ತಿರ 2014ರ ಸ್ವಿಫ್ಟ್ ವಿಎಕ್ಸ್‌ಐ ಇದೆ. ಪರಿಚಯದ ಹುಡುಗನೊಬ್ಬ ತನ್ನ ಹಳೇ ಐ20ಯಿಂದ ಬಿಚ್ಚಿದ 15 ಇಂಚಿನ ನಾಲ್ಕು ಅಲಾಯ್ ವೀಲ್‌ಗಳನ್ನು ಟೈರು, ನಟ್ಟು ಎಲ್ಲ ಸೇರಿಸಿ 14,000ಕ್ಕೆ ಕೊಡುತ್ತೇನೆ ಅಂತಿದ್ದಾನೆ. ಕಂಪನಿಯದಲ್ಲ, ಹೊರಗಡೆ ಹಾಕಿಸಿದ್ದು. "ಎರಡು ಕಾರಿಗೂ ಪಿಸಿಡಿ (ನಟ್ಟಿನ ತೂತುಗಳು ಕೂರುವ ವೃತ್ತದ ವ್ಯಾಸ) ಒಂದೇ, ಕಣ್ಣು ಮುಚ್ಚಿ ಹಾಕಿಸಿ" ಅಂತಾನೆ. ಒಳಗೂ ಹೊರಗೂ ಹೊಸ ಬಣ್ಣ ಮಾಡಿಸಿದ್ದಾನೆ, ಫಳಫಳ ಅಂತಿವೆ. ತಗೊಳ್ಳಲಾ? – ಓದುಗರು, ಹಾಸನ

ಉತ್ತರ: ಒಳಗೂ ಬಣ್ಣ ಮಾಡಿಸಿದ್ದಾನೆ ಅಂದಿರಲ್ಲ, ನನಗೆ ಅನುಮಾನ ಶುರುವಾದದ್ದೇ ಅಲ್ಲಿ. ಅಂದಕ್ಕೆ ಅಂತ ಬಣ್ಣ ಹೊಡೆಸುವವರು ಹೊರಮುಖಕ್ಕೆ ಹೊಡೆಸುತ್ತಾರೆ. ಯಾರಿಗೂ ಕಾಣದ ಒಳಮೈಗೆ ಯಾಕೆ ಹೊಡೆಸಬೇಕು? ಪೂರ್ತಿ ಪೌಡರ್ ಕೋಟಿಂಗ್ ಮಾಡಿಸಿದ್ದರೆ ಒಳಗೂ ಬಣ್ಣ ಬರುತ್ತದೆ, ಹಾಗಾಗಿ ಹುಡುಗ ಮೋಸಗಾರ ಅಂತ ನಾನು ಹೇಳುತ್ತಿಲ್ಲ. ಆದರೆ ಬಿರುಕು ಬಿಡುವ ಜಾಗ ಅದೇ. ಗುಂಡಿಗೆ ಬಿದ್ದಾಗ ಮೊದಲು ಬಗ್ಗುವುದು ಒಳಗಿನ ಅಂಚು, ಹೊರಗಿನ ಅಂಚಿಗಿರುವಂತೆ ಅದಕ್ಕೆ ಕಡ್ಡಿಗಳ (ಸ್ಪೋಕ್) ಆಸರೆ ಇರಲ್ಲ. ಬಗ್ಗಿದ್ದನ್ನು ಬಿಸಿ ಮಾಡಿ ಒತ್ತಿ ನೇರ ಮಾಡುತ್ತಾರೆ, ಸೀಳಿದ್ದರೆ ವೆಲ್ಡಿಂಗ್ ಹೊಡೆದು ಉಜ್ಜಿ ಬಣ್ಣ ಬಳಿಯುತ್ತಾರೆ. ಅಲಾಯ್ ವೀಲಿಗೆ ಗಟ್ಟಿತನ ಬರುವುದು ಫ್ಯಾಕ್ಟರಿಯಲ್ಲಿ ಕೊಟ್ಟ ಶಾಖದ ಹದದಿಂದ. ವೆಲ್ಡಿಂಗ್ ಬಿದ್ದ ಕಡೆ ಅದರ ಸುತ್ತ ಆ ಹದ ಹೋಗಿರುತ್ತದೆ, ಮುಂದಿನ ಗುಂಡಿಗೆ ಬಿದ್ದಾಗ ಅಲ್ಲೇ ಪಕ್ಕದಲ್ಲಿ ಬಿರುಕು ಬಿಡುತ್ತದೆ. ನೀವು ಶಿರಾಡಿ ಘಾಟಿ ಇಳಿಯುವವರಾದರೆ ಇದು ಸಣ್ಣ ವಿಷಯ ಅಲ್ಲ.

ಅದಕ್ಕೇ ಮೊದಲ ಷರತ್ತು: ಟೈರು ಬಿಚ್ಚಿಸಿ ನೋಡಬೇಕು. "ಬಿಚ್ಚೋದು ಬೇಡ ಸರ್, ಸುಮ್ನೆ ಖರ್ಚು" ಅಂದರೆ ಅಲ್ಲಿಗೇ ನಮಸ್ಕಾರ ಹೇಳಿ ಬನ್ನಿ. ಬಿಚ್ಚಿದ ಮೇಲೆ ಟೈರು ಕೂರುವ ಅಂಚನ್ನು ನೋಡಿ. ಕಪ್ಪಗೆ ಅಂಟು ಬಳಿದಿದ್ದರೆ ಆ ರಿಮ್ಮಿನಿಂದ ಗಾಳಿ ಹೋಗುತ್ತಿತ್ತು, ಪಂಕ್ಚರ್ ಅಂಗಡಿಯವರು ಬೀಡ್ ಸೀಲರ್ ಹಾಕಿ ಸುಧಾರಿಸಿದ್ದಾರೆ ಅಂತ ಅರ್ಥ ಮಾಡಿಕೊಳ್ಳಿ. ಬ್ಯಾಲೆನ್ಸಿಂಗ್ ತೂಕಗಳನ್ನು ಒಂದೇ ಕಡೆ ಸಾಲುಗಟ್ಟಿ ಅಂಟಿಸಿದ್ದರೆ ವೀಲ್ ಬೆಂಡ್ ಆಗಿರುವ ಸಾಧ್ಯತೆ ಜಾಸ್ತಿ. ಬರೀ ವೀಲನ್ನು ಬ್ಯಾಲೆನ್ಸಿಂಗ್ ಮೆಷಿನ್ ಮೇಲೆ ಹಾಕಿ ತಿರುಗಿಸಲು ಹೇಳಿ, ಅಂಚಿನ ಪಕ್ಕದಲ್ಲಿ ಒಂದು ಪೆನ್ನನ್ನು ಅಲುಗಾಡದಂತೆ ಹಿಡಿದು ನೋಡಿ. ಸಂದು ಹೆಚ್ಚು ಕಡಿಮೆ ಆಗುವುದು ಕಣ್ಣಿಗೇ ಕಾಣುವಷ್ಟಿದ್ದರೆ ಬೇಡ.

ಬಿರುಕು ಹುಡುಕಲು ಹಳೇ ಮೇಸ್ತ್ರಿಗಳ ಒಂದು ಉಪಾಯ ಇದೆ. ವೀಲನ್ನು ಸೋಪು ಹಾಕಿ ತೊಳೆದು ಒಣಗಿಸಿ, ಒಳ ಅಂಚು, ಕಡ್ಡಿಗಳು ನಡುವಿಗೆ ಸೇರುವ ಮೂಲೆ, ನಟ್ಟಿನ ತೂತುಗಳ ಸುತ್ತ ಸೀಮೆಎಣ್ಣೆ ಸವರಿ. ಹತ್ತು ನಿಮಿಷ ಬಿಟ್ಟು ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿ. ಬಿರುಕಿದ್ದರೆ ಒಳಗೆ ಹೋದ ಎಣ್ಣೆ ಹೊರಗೆ ಬಂದು ಬಿಳಿ ಪುಡಿಯ ಮೇಲೆ ತೆಳ್ಳಗೆ ಒದ್ದೆ ಗೆರೆ ಮೂಡುತ್ತದೆ. ಮೆಷಿನ್ ಶಾಪುಗಳಲ್ಲಿ ಕೆಂಪು ಬಣ್ಣದ ಸ್ಪ್ರೇ ಬಳಸಿ ಮಾಡುವುದೂ ಇದೇ ತತ್ವದ ಪರೀಕ್ಷೆ, ಅದು ಇನ್ನೂ ನಂಬಿಕಸ್ತ. ತೊಂದರೆ ಏನಂದ್ರೆ, ದಪ್ಪ ಹೊಸ ಬಣ್ಣ ಇದ್ದರೆ ಎರಡೂ ಸರಿಯಾಗಿ ಕೆಲಸ ಮಾಡಲ್ಲ, ಬಿರುಕಿನ ಬಾಯಿಯೇ ಮುಚ್ಚಿರುತ್ತದೆ. ನಿಮ್ಮ ಹುಡುಗನ ವೀಲಿನ ವಿಷಯದಲ್ಲಿ ನನಗಿರುವ ದೊಡ್ಡ ತಕರಾರು ಇದು. ಗೀರು ಬಿದ್ದ, ಕೊಳೆಯಾದ ಹಳೇ ವೀಲೇ ಮೇಲು, ಅದರ ಕಥೆ ಅದರ ಮೈಮೇಲೇ ಕಾಣುತ್ತದೆ.

ಇನ್ನು "ಪಿಸಿಡಿ ಒಂದೇ" ಅನ್ನೋ ಮಾತು. ನಿಜ, ನಿಮ್ಮ ಸ್ವಿಫ್ಟಿಗೂ ಹಳೇ ಐ20ಗೂ ನಾಲ್ಕು ನಟ್ಟು, 100 ಮಿ.ಮೀ. ಪಿಸಿಡಿ. ಆದರೆ ಅವನು ಪುಕ್ಕಟೆ ಕೊಡುವ ನಟ್ಟುಗಳಿವೆಯಲ್ಲ, ಅವು ನಿಮಗೆ ಆಗಲ್ಲ. ಹ್ಯುಂಡೈ ಸ್ಟಡ್ಡಿನ (ನಟ್ಟು ಹತ್ತುವ ಬೋಲ್ಟಿನ) ಥ್ರೆಡ್ 12 x 1.5, ಅಂದರೆ 12 ಮಿ.ಮೀ. ದಪ್ಪ, ಒಂದು ಸುತ್ತಿಗೆ 1.5 ಮಿ.ಮೀ.; ಮಾರುತಿಯದ್ದು 12 x 1.25. ದಪ್ಪ ಒಂದೇ ಆದ್ದರಿಂದ ಬೆರಳಲ್ಲಿ ಒಂದೆರಡು ಸುತ್ತು ಹತ್ತುತ್ತದೆ, ಆಮೇಲೆ ಬಿಗಿಯುತ್ತದೆ. ಅಂಗಡಿ ಹುಡುಗ ನೋಡದೆ ಗಾಳಿ ಗನ್ ಹಿಡಿದು ಜರ್ ಅನ್ನಿಸಿದ ಅಂದ್ರೆ ಸ್ಟಡ್ಡಿನ ಥ್ರೆಡ್ ಹಾಳಾಗುತ್ತದೆ, ನಟ್ಟು ಬಿಗಿಯಾದಂತೆ ಕಂಡರೂ ಹಿಡಿತ ಇರಲ್ಲ. ಮಾರುತಿ ಅಳತೆಯ, ಆ ಅಲಾಯ್‌ಗೆ ಸರಿಹೋಗುವ ಆಕಾರದ ನಟ್ಟು ಹೊಸದಾಗಿ ತಗೊಳ್ಳಿ. ಕೈಯಲ್ಲೇ ಹಾಕಿ ಎಣಿಸಿ, ಬಿಗಿಯಾಗುವ ಮುಂಚೆ ಹತ್ತು ಸುತ್ತಾದರೂ ಹೋಗಬೇಕು, ಅಂದರೆ 12 ಮಿ.ಮೀ. ಸ್ಟಡ್ಡಿಗೆ ಸುಮಾರು 12 ಮಿ.ಮೀ. ಹಿಡಿತ. ನಿಮ್ಮ ಕಾರಿನಿಂದ ಬಿಚ್ಚಿದ ಹಳೇ ನಟ್ಟುಗಳನ್ನು ಎಸೆಯಬೇಡಿ, ಕಬ್ಬಿಣದ ಸ್ಟೆಪ್ನಿಗೆ ಅವೇ ಬೇಕು. ಎಷ್ಟೋ ಜನಕ್ಕೆ ಇದು ನೆನಪಾಗೋದು ರಾತ್ರಿ ಹೊತ್ತು ಪಂಕ್ಚರ್ ಆದಾಗಲೇ.

ನಡುವಿನ ದೊಡ್ಡ ತೂತನ್ನೂ ನೋಡಿ. ಸ್ವಿಫ್ಟಿನ ಹಬ್ (ಆ ತೂತಿನೊಳಗೆ ಕೂರುವ ನಡುಭಾಗ) 54.1 ಮಿ.ಮೀ. ಹೊರಗಡೆ ಸಿಗುವ ಅಲಾಯ್‌ಗಳಿಗೆ ಎಲ್ಲ ಕಾರಿಗೂ ಆಗಲಿ ಅಂತ ದೊಡ್ಡ ತೂತು ಬಿಟ್ಟಿರುತ್ತಾರೆ, ಸಂದಿಗೆ ಒಂದು ಉಂಗುರ ಬರುತ್ತದೆ. ಅದು ಕಳೆದುಹೋಗಿದ್ದರೆ ವೀಲ್ ನಡುಮಧ್ಯ ಕೂರದೆ 80ರ ವೇಗದಲ್ಲಿ ಸ್ಟೇರಿಂಗ್ ನಡುಗುತ್ತದೆ, ನೀವು ಅಲೈನ್‌ಮೆಂಟ್ ಮಾಡಿಸಿ ಮಾಡಿಸಿ ಸುಸ್ತಾಗುತ್ತೀರಿ. ವೀಲಿನ ಹಿಂದೆ ಇಟಿ ಅಂತ ಒಂದು ನಂಬರ್ ಇರುತ್ತದೆ, ಚಕ್ರ ಎಷ್ಟು ಒಳಗೆ ಅಥವಾ ಹೊರಗೆ ಕೂರುತ್ತದೆ ಅನ್ನೋದರ ಅಳತೆ ಅದು. ಅದು ಕಂಪನಿ ವೀಲಿನದಕ್ಕಿಂತ ತುಂಬಾ ಕಡಿಮೆ ಇದ್ದರೆ ಚಕ್ರ ಹೊರಗೆ ಚಾಚಿಕೊಂಡು ಬೇರಿಂಗ್ ಮೇಲೆ ಭಾರ ಬೀಳುತ್ತದೆ. ಅಲ್ಲೇ ಎಷ್ಟು ಭಾರ ತಡೆಯುತ್ತದೆ ಅನ್ನೋದೂ ಎರಕದಲ್ಲೇ ಮೂಡಿರಬೇಕು, ಸ್ಟಿಕ್ಕರ್ ಅಲ್ಲ. ಜನ, ಸಾಮಾನು ತುಂಬಿದ ಕಾರಿನ ಒಟ್ಟು ಭಾರದ ಮೂರನೇ ಒಂದು ಭಾಗಕ್ಕಿಂತ ಆ ಅಂಕಿ ಜಾಸ್ತಿ ಇದ್ದರೆ ನನಗೆ ಸಮಾಧಾನ. ಜೆಡಬ್ಲ್ಯುಎಲ್ ಅನ್ನೋ ಜಪಾನ್ ಗುರುತನ್ನು ತಯಾರಕರು ತಾವೇ ಪರೀಕ್ಷೆ ಮಾಡಿ ಹಾಕಿಕೊಳ್ಳಬಹುದು. ಪಕ್ಕದಲ್ಲಿ ವಿಐಎ ಗುರುತೂ ಇದ್ದರೆ ಹೊರಗಿನವರು ಪರೀಕ್ಷೆ ಮಾಡಿದ್ದಾರೆ ಅಂತ. ಯಾವ ಗುರುತೂ ಇಲ್ಲದ ವೀಲು ಪುಕ್ಕಟೆ ಕೊಟ್ಟರೂ ಬೇಡ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2317 ಅಂದರೆ 2017ರ 23ನೇ ವಾರ. ಅಷ್ಟು ಹಳೇದಾದರೆ ಟೈರಿನ ಗೆರೆಗಳು (ಟ್ರೆಡ್) ಎಷ್ಟೇ ಆಳ ಇರಲಿ ಅದಕ್ಕೆ ಬೆಲೆ ಕಟ್ಟಬೇಡಿ. ಅಳತೆ 185/65 ಆರ್15 ಇದ್ದರೆ ನಿಮ್ಮ ಈಗಿನ 165/80 ಆರ್14ರಷ್ಟೇ ಎತ್ತರ, ಸ್ಪೀಡೋಮೀಟರ್ ಸುಳ್ಳು ಹೇಳಲ್ಲ.

ಇಷ್ಟೆಲ್ಲ ನೋಡಿದ ಮೇಲೂ ನನ್ನನ್ನು ಕೇಳಿದರೆ, ಆ ಹೊಸ ಬಣ್ಣದ ಸೆಟ್ ಬಿಡಿ. ಬಣ್ಣ ತೆಗೆಸಿ ಬಿರುಕಿನ ಪರೀಕ್ಷೆ ಮಾಡಿಸಲು ಅವನು ಒಪ್ಪಿದರೆ ಬೇರೆ ಮಾತು. ಹಾಕಿಸಿಕೊಂಡರೆ ಟಾರ್ಕ್ ರೆಂಚಲ್ಲಿ (ಎಷ್ಟು ಬಿಗಿಯಾಯಿತು ಅಂತ ಅಳತೆ ತೋರಿಸುವ ಸ್ಪ್ಯಾನರ್) ಬಿಗಿಸಿ, 50–100 ಕಿ.ಮೀ. ಓಡಿಸಿ ಇನ್ನೊಮ್ಮೆ ನೋಡಿಸಿ, ಇನ್ಶೂರೆನ್ಸ್ ಕಂಪನಿಗೂ ತಿಳಿಸಿ.

ಪ್ರಶ್ನೆ: ಜೆಸಿ ರೋಡಿನಲ್ಲಿ ತೂತು ಕೊರೆದ ಸ್ಪೋರ್ಟ್ಸ್ ಬ್ರೇಕ್ ಡಿಸ್ಕ್ ಸೆಕೆಂಡ್ ಹ್ಯಾಂಡ್ ಸಿಕ್ಕಿದೆ, ಜೊತೆಗೆ ಅರ್ಧ ಸವೆದ ಪ್ಯಾಡ್. ಹಾಕಬಹುದಾ? – ಓದುಗರು, ಬೆಂಗಳೂರು

ಉತ್ತರ: ಪ್ಯಾಡ್ ಎಸೆಯಿರಿ. ಡಿಸ್ಕನ್ನು ಅಳೆಯಬಹುದು. ಅದರ ಮೇಲೆ ಕನಿಷ್ಠ ದಪ್ಪ ಎಷ್ಟು ಅಂತ ಅಚ್ಚಾಗಿರುತ್ತದೆ. ವರ್ನಿಯರ್ (ದಪ್ಪ ಅಳೆಯುವ ಸಾಧನ) ಹಾಕಿದರೆ ಅಂಚಿನ ಸವೆಯದ ತುಟಿಗೆ ತಾಗಿ ಜಾಸ್ತಿ ತೋರಿಸುತ್ತದೆ, ಎರಡೂ ಕಡೆ ಒಂದೊಂದು ನಾಣ್ಯ ಇಟ್ಟು ಅಳೆದು ನಾಣ್ಯಗಳ ದಪ್ಪ ಕಳೆಯಿರಿ. ಅಚ್ಚಾದ ಅಂಕಿಯ ಹತ್ತಿರ ಬಂದಿದ್ದರೆ ಬೇಡ. ಕೊರೆದ ತೂತಿನಿಂದ ತೂತಿಗೆ ಕೂದಲೆಳೆಯಂಥ ಗೆರೆ ಹೊರಟಿದ್ದರೆ, ನೀಲಿ ಕಲೆಗಳಿದ್ದರೆ ಮುಟ್ಟಲೇಬೇಡಿ. ದಿನಾ ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ನಿಲ್ಲುವ ಕಾರಿಗೆ ತೂತಿನ ಡಿಸ್ಕ್ ಯಾಕೆ ಅಂತ ಬೇರೆ ಕೇಳಬೇಕು ನಿಮ್ಮನ್ನು.

ಪ್ರಶ್ನೆ: ಸಣ್ಣ ಅಪಘಾತದಲ್ಲಿ ಏರ್‌ಬ್ಯಾಗ್ ಬಿಚ್ಚಿಕೊಂಡಿತು. ಹೊಸದು ತುಂಬಾ ದುಬಾರಿ. ಗುಜರಿಯಲ್ಲಿ ಅದೇ ಮಾಡೆಲ್‌ದು ಇದೆ, ಇಲ್ಲದಿದ್ದರೆ ಏರ್‌ಬ್ಯಾಗ್ ಇಲ್ಲದ ಸ್ಪೋರ್ಟ್ಸ್ ಸ್ಟೇರಿಂಗ್ ಹಾಕಿಸೋಣ ಅಂತಿದ್ದೇನೆ. – ಓದುಗರು, ಮಂಗಳೂರು

ಉತ್ತರ: ಎರಡೂ ಬೇಡ. ವೀಲ್, ಡಿಸ್ಕ್ ಆದರೆ ಬಿಚ್ಚಿ, ತಟ್ಟಿ, ಅಳೆದು ನೋಡಬಹುದು. ಏರ್‌ಬ್ಯಾಗ್ ಸರಿ ಇದೆಯಾ ಅಂತ ನೋಡಲು ಅದನ್ನು ಸಿಡಿಸಲೇಬೇಕು, ಸಿಡಿಸಿದ ಮೇಲೆ ಮುಗಿಯಿತು. ಡ್ಯಾಶ್‌ಬೋರ್ಡಿನ ದೀಪ ಆರಿತು ಅಂದರೆ ವೈರು ಸೇರಿದೆ ಅಂತ ಅಷ್ಟೇ, ಆ ದೀಪ ಆರಿಸಲು ಒಂದು ಸಣ್ಣ ರೆಸಿಸ್ಟರ್ ಹಾಕಿದರೂ ಸಾಕು. ತಕಾಟಾ ಕಂಪನಿಯ ಏರ್‌ಬ್ಯಾಗ್‌ಗಳನ್ನು ಜಗತ್ತಿನಾದ್ಯಂತ ವಾಪಸ್ ಕರೆಸಿದ್ದು ಗೊತ್ತಲ್ವಾ? ಒಳಗಿನ ರಾಸಾಯನಿಕ ಸೆಕೆ, ತೇವದಲ್ಲಿ ವರ್ಷಗಟ್ಟಲೆ ಇದ್ದು ಕೆಟ್ಟು, ಸಿಡಿಯುವಾಗ ಲೋಹದ ಚೂರು ಎರಚುತ್ತಿತ್ತು. ಗುಜರಿಯ ಕಾರು ಆ ಪಟ್ಟಿಯಲ್ಲಿತ್ತಾ ಅಂತ ಹೇಗೆ ಹೇಳುತ್ತೀರಿ? ಅದೂ ನಿಮ್ಮ ಕರಾವಳಿ ಸೆಕೆಯಲ್ಲಿ. ಇನ್ಶೂರೆನ್ಸ್ ಕ್ಲೇಮ್ ಹಾಕಿ, ಹೊಸದನ್ನೇ ಸರ್ವಿಸ್ ಸೆಂಟರಿನಲ್ಲಿ ಕೂರಿಸಿ. ಜೊತೆಗೆ ಕಂಟ್ರೋಲ್ ಯೂನಿಟ್ಟು, ಬೆಲ್ಟ್ ಬಿಗಿಯುವ ಭಾಗವನ್ನೂ ನೋಡಿಸಿ, ಬ್ಯಾಗು ಸಿಡಿದಾಗ ಅವೂ ಖರ್ಚಾಗಿರಬಹುದು.

ಪ್ರಶ್ನೆ: ಮಾವನವರ ಬೊಲೆರೋದಿಂದ ಬಿಚ್ಚಿದ ಬುಲ್ ಬಾರ್ (ಬಂಪರ್ ಮುಂದೆ ಕಟ್ಟುವ ಕಬ್ಬಿಣದ ಗಾರ್ಡ್) ನನ್ನ ಹೊಸ ಗಾಡಿಗೆ ಹಾಕಲಾ? – ಓದುಗರು, ದಾವಣಗೆರೆ

ಉತ್ತರ: ಬೇಡ. ಡಿಸೆಂಬರ್ 2017ರಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಇದರ ಮೇಲೆ ಕ್ರಮ ಕೈಗೊಳ್ಳಿ ಅಂತ ರಾಜ್ಯಗಳಿಗೆ ಬರೆದಿದೆ. ಮುಂದೆ ಕಬ್ಬಿಣ ಕಟ್ಟಿದರೆ ಏರ್‌ಬ್ಯಾಗಿನ ಸೆನ್ಸರಿಗೆ ಪೆಟ್ಟಿನ ಲೆಕ್ಕ ತಪ್ಪುತ್ತದೆ, ಅಡ್ಡ ಬಂದ ಪಾದಚಾರಿಗಂತೂ ಜೀವಕ್ಕೇ ಕುತ್ತು. ಮಾವನವರಿಗೆ ಬೇಜಾರಾಗದ ಹಾಗೆ ಏನು ಹೇಳಬೇಕು ಅನ್ನೋದು ನನ್ನ ಅಂಕಣದ ವ್ಯಾಪ್ತಿಗೆ ಬರಲ್ಲ.