ಜಿಟಿಎ ಸ್ಯಾನ್ ಆಂಡ್ರಿಯಾಸ್ ಗೇಮ್‌ನಲ್ಲಿ ಸೇತುವೆ ದಾಟಿದರೆ ಪೊಲೀಸರು ಬೆನ್ನು ಹತ್ತೋದು ಯಾಕೆ?

ನಿಮ್ಮ ಗೇಮ್ ಕೆಟ್ಟಿಲ್ಲ. 2004ರ ಜಿಟಿಎ ಸ್ಯಾನ್ ಆಂಡ್ರಿಯಾಸ್‌ನಲ್ಲಿ ಶುರುವಿಗೆ ಲಾಸ್ ಸ್ಯಾಂಟೋಸ್ ನಗರ ಮಾತ್ರ ತೆರೆದಿರುತ್ತದೆ, ಅದರಾಚೆ ಕಾಲಿಟ್ಟರೆ ನಾಲ್ಕು ಸ್ಟಾರ್ (ಪೊಲೀಸರು ಎಷ್ಟು ಜೋರಾಗಿ ಬೆನ್ನು ಹತ್ತುತ್ತಾರೆ ಅನ್ನೋ ಅಳತೆ) ಖಾತ್ರಿ. ಧಾರವಾಡಕ್ಕೆ ಹೊರಟವನನ್ನು ನವನಗರದಲ್ಲೇ ಹಿಡಿದು ವಾಪಸ್ ಹುಬ್ಬಳ್ಳಿಗೆ ಅಟ್ಟಿದ ಹಾಗೆ! 'ದಿ ಗ್ರೀನ್ ಸೇಬರ್' ಮಿಷನ್ ಮುಗಿಸಿ, ಹಳ್ಳಿ ಕಡೆ ದಾರಿ ಬಿಡುತ್ತದೆ. ಸ್ಯಾನ್ ಫಿಯೆರೋ, ಲಾಸ್ ವೆಂಚುರಾಸ್ ನಗರಗಳೆಲ್ಲ ಆಮೇಲೆ.

'ಎಲ್ಲೆಂದರಲ್ಲಿ ಓಡಾಡೋಕೆ ಬಿಡದಿದ್ದರೆ ಇದೆಂಥ ಓಪನ್ ವರ್ಲ್ಡ್' ಅಂತೀರಿ, ಆದರೆ ನನಗೆ ಮಜಾ ಅನಿಸಿದ್ದು ಸಣ್ಣಪುಟ್ಟ ವಿಷಯಗಳೇ. ಗೇಮ್‌ನ ನಾಯಕ ಸಿಜೆಗೆ ಬರ್ಗರ್ ಮೇಲೆ ಬರ್ಗರ್ ತಿನ್ನಿಸಿದರೆ ಹೊಟ್ಟೆ ಬರುತ್ತದೆ, ಜಿಮ್‌ಗೆ ಕರೆದೊಯ್ದರೆ ಮೈ ಕಟ್ಟುತ್ತದೆ. ವಿದ್ಯಾನಗರದ ಸೈಬರ್ ಕೆಫೆಯಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು, ಮಿಷನ್ ಬಿಟ್ಟು ಸುಮ್ನೆ ಸೈಕಲ್ ತುಳಿಯುತ್ತಿದ್ದೆ ನಾನು. ಮೊದಲಿನಿಂದಲೇ ಇಡೀ ಮ್ಯಾಪ್ ಬೇಕಾದರೆ ಜಿಟಿಎ 5 ಆಡಿ.